ಸ್ಕಿಂಟ್ ಅಂದ್ರ

ಬೆನಾವಲಿ ದಂಡ್ಯಾಗ ಮೊದಲ ಸಲ ಕೇಳಿದ್ದು.
ಬಿಸಲಿಗೆ ಬೆಂದು ಗಜ್ಜರಿ ಆಗಿದ್ದ ಒಬ್ಬ ಗೋರಾ,
ಹೆಗಲ ಮ್ಯಾಲಿನ ತೊಗಲು ಉಳ್ಳಾಗಡ್ಡಿ ಸಿಪ್ಪಿ ಹಂಗ ಎದ್ದಿತ್ತು,
ಕೈಯಾಗ ಬಿಯರ್ ಬಾಟ್ಲಿ.
ಗೆಜ್ಜಿ ತೋರಿಸಿದೆ, ಶಾಲು ತೋರಿಸಿದೆ,
ನೂರು ಕನ್ನಡಿ ಕೂಡಿಸಿ ಹೊಲದ ಚೀಲ ತೋರಿಸಿದೆ.
"ಸಾರಿ ಲವ್, ಐ ಆಮ್ ಸ್ಕಿಂಟ್" ಅಂದ.

ಲವ್ ಅನ್ನೂದು ನಂಗ ಗೊತ್ತಿತ್ತು, ಅದಕ್ಕ ಅರ್ಥ ಇಲ್ಲ.
ಸ್ಕಿಂಟ್ ಅಂದ್ರ ಅವನ ತೊಗಲಿನ ಬ್ಯಾನಿ ಇರಬೇಕು ಅಂತ
ಕೊಬ್ಬರಿ ಎಣ್ಣಿ ಹಚ್ಚು, ಉಪ್ಪುನೀರಿಗೆ ಇಳಿಬ್ಯಾಡ ಅಂದೆ,
ಅರ್ಧ ಇಂಗ್ಲಿಷಿನಾಗ, ಕಾಲು ಕೊಂಕಣಿಯಾಗ, ಉಳಿದದ್ದು ಕೈಸನ್ನಿ.
ನಕ್ಕ ನೋಡ್ರಿ ಅಂವ, ಬಿಯರು ಮೂಗಿನಾಗ ಬರೂಹಂಗ.

ಡೋರೀನ್ ಅಜ್ಜಿ ಬಿಡಿಸಿ ಹೇಳಿದ್ಲು.
ವರ್ಷಾ ಡಿಸೆಂಬರಿಗೆ ಬರಾಕಿ, ಗಂಡ ಕೆನ್ ಜೋಡಿ,
ಅದ ಶ್ಯಾಕು, ಅದ ಕುರ್ಚಿ, ತೊಡಿ ಮ್ಯಾಲ ಅದ ಉಣ್ಣಿದಾರದ ಉಂಡಿ.
ಪರ್ಸು ಬೋರಲ ಮಾಡಿ ಝಾಡಿಸಿದ್ಲು:
ಒಂದು ಬಸ್ ಟಿಕೀಟು, ಒಂದೀಟು ಉಸುಕು.
ಇದು ಸ್ಕಿಂಟು, ಅಂದ್ಲು.
ಆಮ್ಯಾಲ ತನ್ನ ಮುಂಗೈ ತೊಗಲು ಚಿವುಟಿ, ಎಳೆದು,
ಯಾರೋ ಇದನ್ನ ಸುಲಕೊಂಡು ಹೋದ್ರು ಅನ್ನೂಹಂಗ ಮಾಡಿದ್ಲು.

ಅಂದ್ರ ನಾ ತಪ್ಪಿದ್ದಿಲ್ಲ,
ತೊಗಲಿನ ಬ್ಯಾನೀನ ಅದು.
ನಮ್ಮ ಕಡೆನೂ ಸುಲಿಗಿ ಅಂತಾರ, ಅಜ್ಜಿ.
ಬಾಳಿಹಣ್ಣು ಸುಲಿಯೂದೂ ಅದ, ಮಂದೀನ ಸುಲಿಯೂದೂ ಅದ.
ಸುಲಿಯಾಂವಗ ನಮ್ಮಲ್ಲಿ ಹೆಸರೈತಿ,
ಸುಲಿಸಿಕೊಂಡಾಂವಗ ಇಲ್ಲ.
ನಿಮ್ಮಲ್ಲಿ ಉಲ್ಟಾ ಕಾಣತೈತಿ.

ಆ ಸೀಜನ್ ಪೂರಾ ಆ ಶಬ್ದದ ಬೆನ್ನ ಹತ್ತಿದೆ.
ಯಾರು ಅಂತಾರ, ಯಾವಾಗ ಅಂತಾರ.
ಸಿಗಡಿ ತಿಂದು ಬೆರಳು ಚೀಪಿದವರು ಅಂತಾರ.
ವಾಪಸ್ ವಿಮಾನದ ಟಿಕೀಟು ರೂಮಿನ ತಿಜೂರಿಯಾಗ ಇಟ್ಟವರು ಅಂತಾರ.
ನಕ್ಕೋತ ಅಂತಾರ. ಅಳಕೋತ ಅಂದವರನ್ನ ನಾ ನೋಡಿಲ್ಲ.
ಬುಧವಾರ ಅಂತಾರ,
ಶುಕ್ರವಾರ ಪಗಾರ ಆದ ಕೂಡ್ಲೇ ಮರೀತಾರ.
ಗರೀಬಗ ಆ ಶುಕ್ರವಾರ ಇಲ್ಲ.
ನಮ್ಮ ತಾಂಡಾದಾಗ ಯಾರೂ ಸ್ಕಿಂಟ್ ಅಲ್ಲ.
ನಮ್ಮವ್ವ ಜೀವಮಾನದಾಗ ಒಂದು ದಿನಾನೂ ಸ್ಕಿಂಟ್ ಆಗಿರಲಿಲ್ಲ.

ಹವಾಲ್ದಾರ ಬಂದ, ತಿಂಗಳ ಮಾಮೂಲಿಗೆ.
"ಸಾಹೇಬ, ಸ್ಕಿಂಟ್" ಅಂದೆ, ಡೋರೀನ್ ಹಂಗ ತುಟಿ ಮಾಡಿ.
ಅಂವಗೂ ಬರತಿತ್ತು ಆ ಶಬ್ದ, ದಂಡಿ ಮ್ಯಾಲಿನ ಪೊಲೀಸ.
"ನೀ ಅಲ್ಲ" ಅಂದ,
ಒಂದು ಜೋಡಿ ಗೆಜ್ಜಿ ಎತ್ತಿ ಕಿಸೇಕ ಇಳಿಸಿದ, ಮಗಳಿಗೆ ಅಂತ.
ಪ್ಯಾಂಟಿನೊಳಗ ಗಿಲಿಗಿಲಿ ಅನಿಸಿಕೋತ
ಶ್ಯಾಕಿನ ಸಾಲು ದಾಟೂತನಕ ಹೋದ.

ಈ ವರ್ಷ ಡೋರೀನ್ ಒಬ್ಬಾಕೀನ ಬಂದ್ಲು.
ಕುರ್ಚಿ ಬಿಟ್ಟು ಉಸುಕಿನ ಮ್ಯಾಲ ಟವೆಲ್ ಹಾಸಿದ್ಲು.
ಕೆನ್ ಎಲ್ಲಿ ಅಂತ ನಾ ಕೇಳಲಿಲ್ಲ.
ಬೆರಳಿಗೆ ಎರಡು ಉಂಗುರ ಇದ್ವು, ಒಂದು ದೊಡ್ಡದು,
ಜಾರಬಾರದಂತ ಒಳಗ ಉಣ್ಣಿದಾರ ಸುತ್ತಿದ್ಲು.
"ಘಮ್ಲಿ" ಅಂದ್ಲು
(ಉಳಿದ ಗೋರಾಗಳಿಗೆ ನಾ ಜೂಲಿ),
"ಈ ಸಲ ಖರೇನ ಸ್ಕಿಂಟ್."
ನಗಲಿಲ್ಲ. ಶುಕ್ರವಾರದ ಮಾತೂ ಎತ್ತಲಿಲ್ಲ.

ನೀಲಿ ಮಣಿ ಗೆಜ್ಜಿ ಒಂದು ಆಕಿ ಕಾಲಿಗೆ ಕಟ್ಟಿದೆ.
ಕಾಲು ಹಿಂದಕ್ಕ ಎಳಕೊಂಡ್ಲು.
ಉದ್ರಿ, ಅಂದೆ. ಮಡಗಾಂವ್ ಸೇಟು ನಂಗ ಕೊಡೂದೂ ಉದ್ರೀನ.
ಉದ್ರಿಗೆ ನಿಮ್ಮಲ್ಲಿ ಏನಂತಾರ?
ಭಾಳ ಹೊತ್ತು ಸಮುದ್ರ ನೋಡಿದ್ಲು.
ಪಾಟಿ ಮ್ಯಾಲ ಬರಿ ಅಂತಿದ್ದ ನಮ್ಮಪ್ಪ, ಪಬ್ಬಿನಾಗ, ಅಂದ್ಲು.

ಪಾಟಿ! ಸಾಲ್ಯಾಗಿನ ಪಾಟಿ.
ನಾ ಎರಡು ವರ್ಷ ಸಾಲಿಗೆ ಹೋದಾಕಿ, ಪಾಟಿ ಒಡೀತು, ಬಿಟ್ಟೆ.
ತೆರಿ ಹಿಂದ ಸರದ ಹಸಿ ಉಸುಕಿನ ಮ್ಯಾಲ
ಕಾಲಿನ ಹೆಬ್ಬೆರಳಿಂದ ಬರದೆ: ೨೫೦.
ಮುಂದಿನ ತೆರಿ ಬಂದು ಒರಸಿತು.
ಸಮುದ್ರ ನನ್ನ ಸಾಲ ತೀರಿಸಿತು ನೋಡು, ಅಂತ
ಡೋರೀನ್ ನಕ್ಕಳು, ಈ ವರ್ಷ ಮೊದಲ ಸಲ.

ತೀರಿಸಲಿ ಬಿಡು.
ನಂಗ ನೆನಪೈತಿ. ಇನ್ನೂರಾಐವತ್ತು.